ಎರಡು ಕಾರ್ಡು, ಹನ್ನೆರಡನೇ ಸಾಲು

"ನಿಮ್ಮ ನಾಲ್ಕು ಬಣ್ಣ ಯಾರಿಗೆ ಬೇಕು ಮಾರಾಯ್ರೆ? ನಾವು ಮದುವೆ ಕಾಗದ ಅಚ್ಚು ಹಾಕುವುದು ಒಂದೇ ಶಾಯಿಯಲ್ಲಿ!"

ಝೀಟಾ ಹೀಗೆ ಹೇಳಿದಾಗ ಲಿಯೋನೆಲ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಅದು ೧೯೮೭. ಉಡುಪಿಯ ಒಂದು ಮುದ್ರಣಾಲಯ. ಲಿಯೋನೆಲ್ ಮಣಿಪಾಲದ ಕಂಪ್ಯೂಟರ್ ಅಂಗಡಿಯ ಎಂಜಿನಿಯರ್, ಪ್ರೆಸ್ಸಿನ ಹೊಸ ಕಂಪ್ಯೂಟರಿಗೆ ಕಾರ್ಡು ಜೋಡಿಸಲು ಬಂದವನು. ಕಂಪ್ಯೂಟರ್ ಇರುವ ಕೋಣೆಗೆ ಜನ ಚಪ್ಪಲಿ ಬಿಚ್ಚಿಟ್ಟು ಒಳಗೆ ಬರುತ್ತಿದ್ದ ಕಾಲ ಅದು. ಅಂಥಾದ್ದರಲ್ಲಿ ಈ ಹುಡುಗಿ ಎದುರು ಮಾತಾಡುವುದೇ?

ಮಾತಾಡದೆ ಏನು! ಕಾಪುವಿನ ಝೀಟಾ ಏಳು ವರ್ಷದಿಂದ ಅಲ್ಲಿ ಪ್ರೂಫ್ ತಿದ್ದುವವಳು. ಅವಳ ಕೆಂಪು ಪೆನ್ನು ದಾಟದೆ ಒಂದು ಕಾಗದವೂ ಆ ಪ್ರೆಸ್ಸಿನಿಂದ ಹೊರಗೆ ಹೋದದ್ದಿಲ್ಲ.

"ಝೀಟಾ ಹೇಳಿದ ಕಾರ್ಡೇ ಹಾಕಿ," ಎಂದರು ಧಣಿ ಮುದ್ದಣ್ಣನವರು. "ದಿನವಿಡೀ ಅದರ ಮುಂದೆ ಕೂರುವವಳು ಅವಳು, ನಾನಲ್ಲ."

ಪರದೆಯ ಮೇಲೆ ಅಕ್ಷರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಲಿಯೋನೆಲ್ ಎರಡು ತಂದಿದ್ದ. ಒಂದು ಬಣ್ಣದ್ದು, ಸಿಜಿಎ. ಇನ್ನೊಂದು ಒಂದೇ ಬಣ್ಣದ ಹರ್ಕ್ಯುಲಿಸ್. ಕನ್ನಡ ಅಕ್ಷರ ಬರೆಯುವ ಪ್ರೋಗ್ರಾಂ ಅವನದೇ, ಆರು ತಿಂಗಳ ಶ್ರಮ.

"ಸರಿ, ಲೆಕ್ಕ ಹೇಳಿ," ಎಂದಳು ಝೀಟಾ.

"ಬಣ್ಣದ್ದರಲ್ಲಿ ಅಡ್ಡಕ್ಕೆ ಆರುನೂರ ನಲವತ್ತು ಚುಕ್ಕಿ, ಎತ್ತರಕ್ಕೆ ಇನ್ನೂರು. ನಾಲ್ಕೂ ಬಣ್ಣ ಬೇಕಾದರೆ ಅಡ್ಡಕ್ಕೆ ಅರ್ಧ ಮಾತ್ರ."

"ಇನ್ನೊಂದು?"

"ಏಳುನೂರ ಇಪ್ಪತ್ತು ಅಡ್ಡಕ್ಕೆ. ಎತ್ತರಕ್ಕೆ ಮುನ್ನೂರ ನಲವತ್ತೆಂಟು."

"ಎತ್ತರ ನೋಡಿ! ಕನ್ನಡಕ್ಕೆ ಮೇಲೆ ತಲೆಕಟ್ಟು ಉಂಟು, ಕೆಳಗೆ ಒತ್ತು ಉಂಟು. ಇನ್ನೂರು ಚುಕ್ಕಿಯಲ್ಲಿ ಅವೆಲ್ಲ ಎಲ್ಲಿ ಕೂರಬೇಕು?"

"ಆದರೆ ಬಣ್ಣದ್ದು ಬೇಗ, ಮೇಡಂ. ಚುಕ್ಕಿ ಕಡಿಮೆ ಅಲ್ವಾ?"

ಗಡಿಯಾರ ಹಿಡಿದು ನೋಡಿದರು. ಬಣ್ಣದ ಕಾರ್ಡು ಪುಟ ತುಂಬಿಸಲು ನಾಲ್ಕು ಸೆಕೆಂಡು, ಹರ್ಕ್ಯುಲಿಸ್ ಏಳು.

"ಮೂರು ಸೆಕೆಂಡು ನಾನು ಕಾಯುತ್ತೇನೆ," ಎಂದಳು ಝೀಟಾ. "ಸಂಜೆಗೆ ಕಣ್ಣು ಉರಿದರೆ ನೀವು ಬಂದು ಮದ್ದು ಹಾಕುತ್ತೀರಾ?"

ಲಿಯೋನೆಲ್ ನಕ್ಕುಬಿಟ್ಟ. ಆ ನಗು ನೋಡಿ ಝೀಟಾ ಮುಂದಿನ ಪ್ರಶ್ನೆಯನ್ನೇ ಮರೆತಳು... 'ಛೇ, ಎಂತದು ಇದು? ಇವನು ಕಾರ್ಡು ಮಾರಲಿಕ್ಕೆ ಬಂದವನು!'

ಮೂರು ದಿನ ಪರೀಕ್ಷೆ ನಡೆಯಿತು. ಮೂರನೆಯ ದಿನಕ್ಕೆ "ಮೇಡಂ" ಹೋಗಿ "ಝೀಟಾ" ಆಗಿತ್ತು. ಅವಳು ಮನೆಯಿಂದ ತಂದ ಸಾನ್ನಾ ಇಡ್ಲಿಯಲ್ಲಿ ಅವನಿಗೂ ಪಾಲಿತ್ತು. ಗೆದ್ದದ್ದು ಹರ್ಕ್ಯುಲಿಸ್. ಲಿಯೋನೆಲ್ ಎರಡು ಕೈಯೆತ್ತಿ ಸೋಲೊಪ್ಪಿಕೊಂಡ.

"ಎರಡರ ಹೋಲಿಕೆಯನ್ನು ಒಂದು ಹಾಳೆಯಲ್ಲಿ ಬರೆದುಕೊಡಿ," ಎಂದರು ಮುದ್ದಣ್ಣನವರು. ಅವನು ಕೈಯಲ್ಲಿ ಹನ್ನೊಂದು ಸಾಲು ಬರೆದ. ಕಂಪ್ಯೂಟರಿನಲ್ಲಿ ಕೂರಿಸಿ ಪ್ರಿಂಟ್ ತೆಗೆದ. ತಿದ್ದಲು ಝೀಟಾಳ ಮೇಜಿನ ಮೇಲಿಟ್ಟು, ಯಾಕೋ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಹೋದ.

ಪ್ರೂಫ್ ತಿದ್ದುವುದಕ್ಕೂ ಒಂದು ಕ್ರಮ ಉಂಟು. ಪಕ್ಕದ ಮೇಜಿನ ಸರಸಕ್ಕ ಮೂಲವನ್ನು ಗಟ್ಟಿಯಾಗಿ ಓದುತ್ತಾರೆ. ಝೀಟಾ ಪ್ರೂಫಿನ ಮೇಲೆ ಅಡಿಕೋಲು ಇಟ್ಟು, ಕೆಳಗಿನದೆಲ್ಲ ಮುಚ್ಚಿ, ಒಂದೊಂದೇ ಸಾಲು ನೋಡುತ್ತಾಳೆ. ಕಣ್ಣಿಗೆ ಬೀಳಬೇಕಾದದ್ದು ಅಕ್ಷರ ಮಾತ್ರ, ಅರ್ಥ ಅಲ್ಲ.

"ಮುಗಿಯಿತು," ಎಂದರು ಸರಸಕ್ಕ.

ಅಡಿಕೋಲಿನ ಕೆಳಗೆ ಇನ್ನೂ ಒಂದು ಸಾಲು ಇಣುಕುತ್ತಿತ್ತು. ಮೂಲದಲ್ಲಿಲ್ಲದ್ದು! ಝೀಟಾ ಅದು ಏನೆಂದು ನೋಡದೆಯೇ ಅದರ ಮೇಲೆ ಕೆಂಪು ಗೀಟು ಎಳೆದು, "ಹೆಚ್ಚಾಗಿದೆ, ತೆಗೆಯಿರಿ" ಎಂದು ಪಕ್ಕದಲ್ಲಿ ಬರೆದು, ಮುಂದಿನ ಪ್ರೂಫಿಗೆ ಕೈ ಹಾಕಿದಳು.

ಓದಲೇ ಇಲ್ಲ, ನೋಡಿ!

ಹಾಳೆ ನೋಡಿದ ಲಿಯೋನೆಲ್ ಮುಖ ಸಪ್ಪಗಾಯಿತು.

"ಇದು... ತೆಗೆಯಲೇಬೇಕಾ?"

"ಬೇಡದ್ದನ್ನು ಇಟ್ಟುಕೊಂಡು ಎಂತ ಮಾಡುವುದು?" ಎಂದಳು ಅವಳು, ತಲೆಯೆತ್ತದೆ.

"ಆಯಿತು, ಮೇಡಂ."

ಮತ್ತೆ ಮೇಡಂ! ಹೊಸ ಹಾಳೆಯನ್ನೂ ಹಳೆಯ ಪ್ರೂಫನ್ನೂ ಅವಳ ಮೇಜಿನ ಮೇಲಿಟ್ಟು ಅವನು ಹೋದವನು, ಹೋದವನೇ. ಒಂದು ವಾರವಾದರೂ ಸುದ್ದಿಯಿಲ್ಲ. ಝೀಟಾಳಿಗೆ ಮೊದಲು ಸಿಟ್ಟು ಬಂತು. 'ಬಣ್ಣದ ಕಾರ್ಡು ಬೇಡ ಅಂದದ್ದಕ್ಕೆ ಇಷ್ಟು ಮುನಿಸಾ? ಹೋಗಲಿ!' ಆದರೆ ಪ್ರತಿ ಸಲ ಬಾಗಿಲು ಕಿರ್ರೆಂದಾಗ ಅವಳ ಕಣ್ಣು ಆ ಕಡೆಗೇ ಓಡುತ್ತಿತ್ತು. ಅವನಿಲ್ಲದೆ ಊಟ ಕೂಡ ರುಚಿಸುತ್ತಿರಲಿಲ್ಲ. ಹೌದು, ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಕಾರ್ಡು ಜೋಡಿಸಲು ಬಂದವನು ಅಂಗಡಿಯ ಇನ್ನೊಬ್ಬ ಹುಡುಗ, ಸಿರಿಲ್.

"ಲಿಯೋನೆಲ್ ಎಲ್ಲಿ?"

"ಅವನೇ ಕೇಳಿಕೊಂಡು ಮಂಗಳೂರಿಗೆ ವರ್ಗ ಮಾಡಿಸಿಕೊಂಡಿದ್ದಾನೆ. ಇವತ್ತು ಅಂಗಡಿಯ ಎದುರಿನಿಂದಲೇ ಮೂರು ಗಂಟೆ ಬಸ್ಸು ಹಿಡಿಯುತ್ತಾನೆ. ಉಡುಪಿ ಕಡೆ ಇನ್ನು ಬರುವುದಿಲ್ಲವಂತೆ."

ಝೀಟಾ ಪೆನ್ನು ಕೆಳಗಿಟ್ಟಳು. 'ಅಂಥಾದ್ದು ನಾನು ಎಂತ ಮಾಡಿದೆ?'

ಅವಳ ಮುಖ ನೋಡಿ ಸರಸಕ್ಕನಿಗೆ ಅವನ ಹಾಳೆಯಲ್ಲಿ ಅವಳು ಹೊಡೆದು ಹಾಕಿದ ಹೆಚ್ಚಿನ ಸಾಲು ನೆನಪಾಯಿತು. ಹಳೆಯ ಪ್ರೂಫ್‌ಗಳನ್ನು ಚುಚ್ಚಿಡುವ ತಂತಿಯಿಂದ ಆ ಹಾಳೆ ಕಿತ್ತು ತೆಗೆದರು. ಗೀಟಿನ ಅಡಿಯಲ್ಲಿದ್ದುದನ್ನು ಓದಿದವರೇ ಬಾಯಿಗೆ ಕೈಯಿಟ್ಟರು.

"ಅಯ್ಯೋ, ಎಂತ ಮಾಡಿದ್ದೀ ಮಾರಾಯ್ತಿ! ಕೇಳು... 'ಎರಡು ಕಾರ್ಡುಗಳಲ್ಲಿ ಯಾವುದು ಗೆದ್ದರೂ ಸೋತವನು ನಾನು. ಝೀಟಾ, ನಿಮ್ಮ ಅಪ್ಪನ ಹತ್ತಿರ ಬಂದು ನಿಮ್ಮನ್ನು ಕೇಳಲೇ?'"

ಗಂಟೆ ಎರಡೂ ಕಾಲು. ಝೀಟಾ ಹಾಳೆ ಕಸಿದುಕೊಂಡು, ಕೆಂಪು ಪೆನ್ನು ಎತ್ತಿಕೊಂಡು ಹೊರಗೆ ಓಡಿದಳು. ಮಣಿಪಾಲದ ಬಸ್ಸು ಹತ್ತಿ, ಅಂಗಡಿಯ ಮುಂದೆ ಇಳಿದಾಗ ಲಿಯೋನೆಲ್ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುತ್ತಿದ್ದ.

"ನಿಲ್ಲಿ!"

ಅಂಗಡಿಯವರೆಲ್ಲ ತಿರುಗಿ ನೋಡಿದರು. ನೋಡಲಿ! ಅವಳು ಹಾಳೆಯನ್ನು ಅವನ ಮುಖದೆದುರು ಹಿಡಿದಳು. (ಇಬ್ಬರೂ ಮಾತಾಡಿದ್ದು ಕೊಂಕಣಿಯಲ್ಲಿ, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.)

"ಇದನ್ನು ನಾನು ಓದಲೇ ಇಲ್ಲ, ಲಿಯೋನೆಲ್. ಮೂಲದಲ್ಲಿ ಇಲ್ಲ ಅಂತ ಹೊಡೆದು ಹಾಕಿದೆ."

"ಓದದೆ?"

"ಓದದೆ! ಏಳು ವರ್ಷದಲ್ಲಿ ಮೊದಲ ತಪ್ಪು. ನಾನೇ ತಿದ್ದುತ್ತೇನೆ."

ಅವನ ಪೆಟ್ಟಿಗೆಯ ಮೇಲೆಯೇ ಹಾಳೆ ಹರಡಿ, ಗೀಟು ಬಿದ್ದ ಸಾಲಿನ ಕೆಳಗೆ ಉದ್ದಕ್ಕೂ ಚುಕ್ಕಿ ಇಟ್ಟಳು. ಪಕ್ಕದಲ್ಲಿ 'ಇರಲಿ' ಎಂದು ಬರೆದಳು. ತಪ್ಪಾಗಿ ಹೊಡೆದದ್ದನ್ನು ಹಾಗೇ ಉಳಿಸಿಕೊಳ್ಳಬೇಕಾದರೆ ಪ್ರೆಸ್ಸಿನಲ್ಲಿ ಬರೆಯುವುದು ಹೀಗೆಯೇ.

ಲಿಯೋನೆಲ್ ಕಣ್ಣು ತುಂಬಿ ಬಂತು. ಮೂರು ಗಂಟೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಇಬ್ಬರೂ ಅತ್ತ ನೋಡಲಿಲ್ಲ.

"ಹಾಗಾದರೆ... ನಿಮ್ಮ ಮನೆಗೆ ಯಾವಾಗ ಬರಲಿ?"

"ನಿಮ್ಮ ಅಲ್ಲ, ನಿನ್ನ ಅನ್ನು. ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ."

"ನಿನ್ನ ಅಪ್ಪ ಅಂದರೆ ನನಗೆ ಹೆದರಿಕೆ, ಝೀಟಾ."

"ನನಗಿಲ್ಲ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ನೀನು ಬಂದು ಸುಮ್ಮನೆ ನನ್ನ ಪಕ್ಕ ಕೂತುಕೋ. ಕೇಳುವುದನ್ನು ನಾನೇ ಕೇಳುತ್ತೇನೆ."