ಅರ್ಧ ಮುದ್ದೆ

ಅಡುಗೆಮನೆಯ ಬೀರುವಿಗೆ ಅತ್ತೆ ಬೀಗ ಹಾಕುತ್ತಿದ್ದಾಗ ಕಲಾವತಿ ಹೊಸ್ತಿಲಲ್ಲೇ ನಿಂತಿದ್ದಳು. ಚಕ್ಕುಲಿ ಡಬ್ಬ, ಬೆಲ್ಲದ ಭರಣಿ, ಕೊನೆಗೆ ಅನುವಿನ ಬಿಸ್ಕತ್ತು ಪೊಟ್ಟಣವೂ ಒಳಗೆ ಹೋಯಿತು. ಚಿಕ್ಕಲಕ್ಷ್ಮಮ್ಮ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದರು.

"ಇವತ್ತಿಂದ ಒಲೆ ಮುಂದೆ ನಾನು ನಿಂತ್ಕೋತೀನಿ. ನೀನು ನಡುಮನೇಲಿ ಕೂತಿರು. ನೆಲ್ಲು ಕಂಡ ಹೆಗ್ಗಣನ ಕಾಯ್ದ ಹಾಗೆ ಸೊಸೇನ ಕಾಯೋದು ನನ್ನ ಹಣೇಲಿ ಬರೆದಿತ್ತು ಅಂತ ಕಾಣತ್ತೆ..."

ಬೈಗುಳ ಹೊಸದೇನಲ್ಲ. ಆದರೆ ಸ್ಕೂಲಿನ ಯೂನಿಫಾರಂ ಕೂಡ ಬಿಚ್ಚದೆ ಹನ್ನೊಂದು ವರ್ಷದ ಅನು ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಗಳು ನೋಡಲಿಲ್ಲವೆಂಬಂತೆ ಮುಖ ಆಚೆ ತಿರುಗಿಸಿದಳಲ್ಲ, ಅದು ಕಲಾವತಿಗೆ ಚೂರಿಯಂತೆ ನಾಟಿತು.

ಅಂದು ಬೆಳಿಗ್ಗೆಯಷ್ಟೇ ಗಂಡ ಭೈರೇಶ್ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಾವನೂರು ಸರ್ಕಲ್ಲಿನ ಆಚೆಗಿದ್ದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ಮಾತ್ರೆ ಎರಡು ಪಟ್ಟಾದರೂ ಸಕ್ಕರೆ ಇಳಿದಿರಲಿಲ್ಲ. ಪಾದಗಳು ಜೋಮು ಹಿಡಿಯುತ್ತಿದ್ದವು. ಮೂರು ತಿಂಗಳು ನೋಡೋಣ, ಆಮೇಲೆ ಇಂಜೆಕ್ಷನ್ ಶುರು ಮಾಡಬೇಕಾಗುತ್ತದೆ, ಕಣ್ಣು ಕಿಡ್ನಿ ಎಲ್ಲಕ್ಕೂ ಪೆಟ್ಟು ಎಂದು ಡಾಕ್ಟರು ಕಮಲಾಕ್ಷಮ್ಮ ಬಿಡಿಸಿ ಹೇಳಿದ್ದರು. ಹೇಳಿ, ಪೆನ್ನು ಕೆಳಗಿಟ್ಟು ಕೇಳಿದ್ದರು.

"ಹಸಿವಾಗಿ ತಿಂತೀರಾ ಕಲಾವತಿ?"

ಕಲಾವತಿಗೆ ಹಸಿವು ಎಂದರೆ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು.

"ಮಾತ್ರೆ ಒಂದು ದಿನಾನೂ ತಪ್ಪಿಸಬೇಡಿ. ಆದ್ರೆ ಹಸಿವಿಲ್ಲದೆ ತಿನ್ನೋದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ. ಅದು ಎಲ್ಲಿಂದ ಶುರುವಾಯ್ತು ಅಂತ ನಿಮಗೇ ಗೊತ್ತಿರತ್ತೆ."

ಗೊತ್ತಿತ್ತು. ಸ್ಕೂಟರಿನಲ್ಲಿ ಮರಳುವಾಗ ಗಂಡನ ಬೆನ್ನಿಗೆ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದಳು. ಆ ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ.

ಎರಡು ವರ್ಷದ ಹಿಂದೆ, ಐದು ದಿನದ ಜ್ವರದಲ್ಲಿ ದೊಡ್ಡ ಮಗಳು ಮಾನಸ ಹೋಗಿಬಿಟ್ಟಳು. ಹದಿಮೂರು ವರ್ಷ. ತಿಥಿ ಮುಗಿದ ಮಾರನೇ ದಿನವೇ ಚಿಕ್ಕಲಕ್ಷ್ಮಮ್ಮ ಅವಳ ಫೋಟೋ ಟ್ರಂಕಿಗೆ ಹಾಕಿದರು, ಸ್ಕೂಲ್ ಬ್ಯಾಗನ್ನು ಲಗ್ಗೆರೆಯ ನೆಂಟರ ಮಗುವಿಗೆ ಕೊಟ್ಟರು, ಇನ್ನು ಈ ಮನೆಯಲ್ಲಿ ಯಾರೂ ಆ ಮಾತು ತೆಗೆಯಕೂಡದು ಎಂದು ಅಪ್ಪಣೆ ಮಾಡಿದರು. ಭೈರೇಶ್ ತನ್ನ ಲೇತ್ ಮೆಷೀನಿನ ಶೆಡ್ಡಿಗೆ ಹೋದ. ಕಲಾವತಿ ಒಲೆ ಹಚ್ಚಿದಳು.

ಆ ಮನೆಯಲ್ಲಿ ತಲೆಗೊಂದು ಮುದ್ದೆ. ಮಾನಸಳಿಗೆ ಮಾತ್ರ ಅರ್ಧ. "ಅರ್ಧ ಸಾಕಮ್ಮಾ, ಪ್ಲೀಸ್, ಇನ್ನರ್ಧ ನಾಳೆ ಸಾಲ" ಎಂದು ದಿನಾ ಚೌಕಾಸಿ ಮಾಡುತ್ತಿದ್ದ ಹುಡುಗಿ ಅದು. ಒಲೆ ಹಚ್ಚಿದ ಆ ದಿನ ಕಲಾವತಿಯ ಒದ್ದೆ ಕೈ ನಾಲ್ಕು ಮುದ್ದೆ ಕಟ್ಟಿ, ತನ್ನಷ್ಟಕ್ಕೆ ತಾನೇ ಅರ್ಧವನ್ನೂ ಕಟ್ಟಿಬಿಟ್ಟಿತು. ಎಸೆಯುವುದೆಂತು? ಅನ್ನ ಎಸೆಯಬಾರದು. ಅದರಲ್ಲೂ ಅದನ್ನು... ಯಾರಿಗೂ ಕಾಣದಂತೆ ಸಿಂಕಿನ ಪಕ್ಕ ನಿಂತು ನುಂಗಿದಳು. ಒಂದು ಕ್ಷಣ ಎದೆ ತುಂಬಿದಂತಾಯಿತು. ಮರುದಿನವೂ ಅರ್ಧ ಉಳಿಯಿತು. ಮುಂದೆ ಅದರ ಮೇಲೆ ತುಪ್ಪ ಬಿತ್ತು, ಅದರ ಹಿಂದೆಯೇ ಬೆಲ್ಲ ಬಂತು. ಮಧ್ಯಾಹ್ನ ಮನೆ ಖಾಲಿಯಾದಾಗ ಬೇಕರಿಯ ಬನ್ನು, ಖಾರಾ ಮಿಕ್ಸ್‌ಚರು. ಎಷ್ಟು ತುಂಬಿದರೂ ಒಳಗಿನ ಹಳ್ಳ ಹಾಗೇ ಇರುತ್ತಿತ್ತು.

ಬೀಗ ಹಾಕಿದ ಸಂಜೆ ಚಿಕ್ಕಲಕ್ಷ್ಮಮ್ಮ ಎರಡು ವರ್ಷದ ಮೇಲೆ ಮೊದಲ ಸಲ ಮುದ್ದೆ ಕೋಲು ಹಿಡಿದರು. ಹುರುಳಿಕಾಳು ಬಸ್ಸಾರಿನ ಘಮ ನಡುಮನೆಗೆ ಬಂತು. ಕಲಾವತಿ ಮೊರದ ತುಂಬ ಅಕ್ಕಿ ಹಿಡಿದು ಕೂತಿದ್ದಳು. ಪಾತ್ರೆಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಬಹಳ ಹೊತ್ತಾದರೂ ಮತ್ತೆ ಕೇಳಲಿಲ್ಲ. ಅತ್ತೆ ಬಿದ್ದರೇನೋ ಎಂದು ಗಾಬರಿಯಿಂದ ಅವಳು ಒಳಗೆ ಹೋದಳು.

ಬಿದ್ದಿರಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ಮುಂದೆ ಚಾಚಿ ಹಾಗೇ ನಿಂತಿದ್ದರು. ಮಣೆಯ ಮೇಲೆ ನಾಲ್ಕು ಮುದ್ದೆ. ಪಕ್ಕದಲ್ಲಿ, ನಿಂಬೆಹಣ್ಣಿಗಿಂತ ತುಸು ದೊಡ್ಡದಾಗಿ, ನುಣ್ಣಗೆ ಉರುಳಿಸಿದ ಅರ್ಧ.

ಕಲಾವತಿಯ ಕೈ ಅಭ್ಯಾಸಬಲದಿಂದ ಅದರತ್ತ ಹೋಯಿತು.

"ಬಿಡು" ಎಂದರು ಅತ್ತೆ. "ಅದು ನಿಂದಲ್ಲ."

"ಮತ್ತೆ ಯಾರದು ಅತ್ತೆ?"

ಚಿಕ್ಕಲಕ್ಷ್ಮಮ್ಮ ಮಣೆಯನ್ನು ತಮ್ಮತ್ತ ಎಳೆದುಕೊಂಡರು.

"ಎರಡು ವರ್ಷದಿಂದ ದಿನಾ ಇದನ್ನ ನಾನು ತಿಂತಾ ಇದೀನಿ. ಎಸೆಯಕ್ಕಾಗಲ್ಲ, ಇಡಕ್ಕೆ ಜಾಗ ಇಲ್ಲ. ಹೊಟ್ಟೇಲೇ ಇಟ್ಕೊಂಡೆ. ಯಾರದು ಅಂತ ಒಂದು ಸಲ ಬಾಯಿಬಿಟ್ಟು ಹೇಳಿ ಅತ್ತೆ... ಅಷ್ಟು ಸಾಕು ನನಗೆ."

ಎರಡು ವರ್ಷ ಕಲ್ಲಿನಂತಿದ್ದ ಅತ್ತೆಯ ಮುಖ ಮೊದಲ ಸಲ ಬರೀ ಒಬ್ಬ ಮುದುಕಿಯದಾಯಿತು.

"ಮಾನಸಂದು" ಎಂದರು. "ನನ್ನ ಮಾನಸಂದು ಕಣೇ... ಹೆಸರು ಎತ್ತಿದ್ರೆ ಭೈರ ಉಳಿಯಲ್ಲ ಅಂತ ಹೆದರಿದೆ. ಮಣ್ಣು ಮಾಡೋ ದಿನ ಅವನ ಕಣ್ಣು ನೋಡಿದ್ದೆನಲ್ಲ. ಮಗನ್ನ ಉಳಿಸ್ಕೊಳ್ಳೋಕೆ ನಿನ್ನ ಬಾಯಿ ಕಟ್ಟಿದೆ. ಆ ಬಾಯಿ ಅನ್ನಕ್ಕೆ ಬಿತ್ತು... ಅದಕ್ಕೂ ಇವತ್ತು ಬೀಗ ಜಡಿದೆ, ಪಾಪಿ ನಾನು."

ಬಾಗಿಲಲ್ಲಿ ಭೈರೇಶ್ ನಿಂತಿದ್ದ, ಕೈಯ ಗ್ರೀಸು ಕೂಡ ಒರೆಸದೆ. ಯಾವಾಗ ಬಂದಿದ್ದನೋ. ಅವನು ಹೋಗಿ ಫೋಟೋ ಇದ್ದ ಟ್ರಂಕಿನ ಮುಚ್ಚಳ ತೆಗೆದ. ಅನು ಅಪ್ಪನ ಹಿಂದೆಯೇ ಓಡಿದಳು.

ನಾಲ್ಕನೇ ದಿನಕ್ಕೆ ಮಹಾಲಯ ಅಮಾವಾಸ್ಯೆ. ಮದುವೆಯಾಗದ ಮಗುವಿಗೆ ಎಡೆ ಇಡುವ ಪದ್ಧತಿ ಅವರ ವಂಶದಲ್ಲಿ ಇರಲಿಲ್ಲ. ಎಷ್ಟೋ ವರ್ಷದ ಹಿಂದೆ ತೀರಿಕೊಂಡ ಮಾವ ತಿಮ್ಮಯ್ಯನವರಿಗೆ ಮಾತ್ರ ಹೋದ ವರ್ಷ ಎಲೆ ಹಾಕಿದ್ದರು. ಈ ಸಲ ಚಿಕ್ಕಲಕ್ಷ್ಮಮ್ಮ ಗಂಡನ ಎಲೆಯ ಪಕ್ಕ ತಾವೇ ಒಂದು ಪುಟ್ಟ ಎಲೆ ಹಾಸಿದರು. ವಂಶದವರು ಏನಂದಾರೋ ಎಂದು ಭೈರೇಶ್ ಅನುಮಾನಿಸಿದಾಗ, ಅನ್ನುವವರು ಬಂದು ನನ್ನ ಹತ್ತಿರ ಅನ್ನಲಿ ಎಂದುಬಿಟ್ಟರು. ಎಲೆಯ ಮೇಲೆ ಅರ್ಧ ಮುದ್ದೆ, ಬಸ್ಸಾರು. ಅನು ತನ್ನ ಒಂದು ಬಿಸ್ಕತ್ತನ್ನೂ ಇಟ್ಟಳು. ಪೂಜೆಯಾದ ಮೇಲೆ ಎಡೆಯನ್ನು ನಾಲ್ವರೂ ಹಂಚಿಕೊಂಡು, ನೆಲದ ಮೇಲೆ ಕೂತು ಉಂಡರು. ಮಾನಸ ಹಾಗಂದಿದ್ದು, ಹೀಗೆ ಸಾಲ ಹೇಳಿದ್ದು ಎಲ್ಲ ಮಾತಿಗೆ ಬಂತು. ನಕ್ಕರು, ನಡುವೆ ಅತ್ತರು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಮಾತ್ರೆ ನಡೆಯಿತು, ಅನುವಿನ ಜೊತೆ ಸಂಜೆ ನಡಿಗೆ ಸೇರಿತು. ಬೀಗ ತೆಗೆದ ಬೀರುವಿನ ಮುಂದೆ ಕಲಾವತಿ ಎಷ್ಟೋ ಮಧ್ಯಾಹ್ನ ನಿಂತಳು, ಕೆಲವು ದಿನ ಸೋತಳು. ಸೋತ ದಿನ ಅತ್ತೆ ಬೈಯಲಿಲ್ಲ. "ಬಾ, ಅವಳ ವಿಷ್ಯ ಏನಾದ್ರೂ ಹೇಳು" ಎಂದು ಪಕ್ಕ ಕೂರಿಸಿಕೊಂಡರು.

ಕಾರ್ತಿಕ ಕಳೆದ ಒಂದು ಸಂಜೆ ಕಲಾವತಿ ಮುದ್ದೆ ಕಟ್ಟಿ ಕೈ ತೊಳೆದಳು. ಆಮೇಲೆ ಮಣೆ ನೋಡಿದಳು. ನಾಲ್ಕೇ ಇದ್ದವು. ಪಾತ್ರೆಯಲ್ಲಿ ಹಿಟ್ಟು ಉಳಿದಿರಲಿಲ್ಲ.

"ಅತ್ತೆ... ನನ್ನ ಕೈ ಅವಳನ್ನ ಮರೀತು."

ಚಿಕ್ಕಲಕ್ಷ್ಮಮ್ಮ ಬಂದು ಮಣೆ ನೋಡಿದರು, ಸೊಸೆಯ ಒದ್ದೆ ಕೈಯನ್ನು ತಮ್ಮ ಸೆರಗಿನಲ್ಲಿ ಒರೆಸಿದರು.

"ಮರೀಲಿಲ್ಲ ಕಣೇ. ಹೊತ್ತು ಹೊತ್ತು ಸಾಕಾಗಿತ್ತು, ಇಳಿಸ್ತು."

ಗೋಡೆಯ ಫೋಟೋದಲ್ಲಿ ಮಾನಸ ನಗುತ್ತಿದ್ದಳು. ಕಲಾವತಿ ತುಂಬ ಹೊತ್ತು ಅದರ ಮುಂದೆ ಕೂತಳು. ಆಮೇಲೆ ಹೊಟ್ಟೆಯೊಳಗೆ ಏನೋ ಮೆಲ್ಲನೆ ಹಿಂಡಿದಂತಾಯಿತು. ಮೊದಲು ಅದೇನೆಂದು ತಿಳಿಯಲಿಲ್ಲ. ತಿಳಿದಾಗ ಕಣ್ಣು ತುಂಬಿಕೊಂಡೇ ತಟ್ಟೆ ಎಳೆದುಕೊಂಡಳು.

"ಬಡಿಸಿ ಅತ್ತೆ" ಎಂದಳು. "ಹಸಿವಾಗ್ತಾ ಇದೆ."