ಕುಕ್ಕರ್ ಎಂಬ ಹೆಸರಿನ ಕಿವಿ

"ಬೇಳೆ ಬೆಂದಿದೆ. ಉರಿ ಆರಿಸಿ. ಬೇಳೆ ಬೆಂದಿದೆ. ಉರಿ ಆರಿಸಿ."

ಎಡಗಿವಿಯೊಳಗೆ ಈ ಘೋಷಣೆ ಮೊಳಗಿದಾಗ ಶಿವಪುತ್ರಪ್ಪ ಬಳಿಗಾರರು ಗದಗಿನ ಮಾರ್ಕೆಟ್ಟಿನ ಕ್ಷೌರದಂಗಡಿಯಲ್ಲಿ ಗದ್ದಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದರು. ಕತ್ತಿ ಕುತ್ತಿಗೆಯ ಮೇಲಿತ್ತು. ಅವರು ಬೆಚ್ಚಿಬಿದ್ದರು. ಪುಣ್ಯಕ್ಕೆ ಕ್ಷೌರಿಕನ ಕೈ ಗಟ್ಟಿಯಾಗಿತ್ತು.

"ಯಾಕ್ರೀ ಯಜಮಾನ್ರ, ಏನಾತು?"

"ಬ್ಯಾಳಿ ಬೆಂದೈತಂತ."

"ಯಾರ ಮನ್ಯಾಗ?"

"ನನ್ನ ಕಿವ್ಯಾಗ ಮಾರಾಯಾ!"

ಅದೇ ಹೊತ್ತಿಗೆ ಅವರ ಮನೆಯ ಅಡುಗೆಕೋಣೆಯಲ್ಲಿ ಕುಕ್ಕರು ಬಹಳ ವಿನಯದಿಂದ, "ತಾವು ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವ ಸಮಯವಾಯಿತು, ಹಿರಿಯರೇ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿತ್ತು. ಶಿವಪುತ್ರಪ್ಪನವರ ಹೆಂಡತಿ ನೀಲಗಂಗವ್ವ ಅದರ ತಲೆಯ ಮೇಲೆ ಸೌಟಿನಿಂದ ಒಂದು ಬಿಟ್ಟರು. ಅದು ಸುಮ್ಮನಾಗಲಿಲ್ಲ. ವಿಜ್ಞಾನ ಅಷ್ಟು ಮುಂದುವರಿದಿತ್ತು.

ಈ ಅವಾಂತರ ತಿಳಿಯಬೇಕಾದರೆ ಆ ಕಾಲದ ಮಾಧ್ಯಮ ಖಾತೆಯ ವಿಚಾರ ಸ್ವಲ್ಪ ಹೇಳಬೇಕು. ಗದ್ದಲದಿಂದ ಜನ ಹುಚ್ಚರಾಗುತ್ತಿದ್ದಾರೆಂದು ಸರಕಾರ ಧ್ವನಿವರ್ಧಕಗಳನ್ನೆಲ್ಲ ನಿಷೇಧಿಸಿ ಬಹಳ ವರ್ಷಗಳಾಗಿದ್ದವು. ಹಾಡು, ಸುದ್ದಿ, ಸಿನಿಮಾ, ಬ್ಯಾಂಕಿನ ಸೂಚನೆ, ಕೊನೆಗೆ ಕುಕ್ಕರಿನ ಸೀಟಿ ಕೂಡ ಗಾಳಿಯಲ್ಲಿ ಹರಡುತ್ತಿರಲಿಲ್ಲ. ಯಂತ್ರಗಳು ಹತ್ತಿರವಿದ್ದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಬಹುದಿತ್ತು. ಎಲ್ಲ ಸದ್ದೂ ಮನೆಯ ಮಾಧ್ಯಮ ಖಾತೆಗೆ ಬಂದು, ಅಲ್ಲಿಂದ ಯಾವ ಸಾಧನಕ್ಕೆ ಸೇರಬೇಕೋ ಅದಕ್ಕೆ ಮಾತ್ರ ಹೋಗುತ್ತಿತ್ತು. ಹೇಗೆ ಹೋಗುತ್ತಿತ್ತು? ಸಾಧನದ ಹೆಸರು ನೋಡಿಕೊಂಡು. ಅಂಚೆಯವನು ಬಾಗಿಲ ಮೇಲಿನ ಹೆಸರು ನೋಡಿ ಕಾಗದ ಹಾಕಿದ ಹಾಗೆ. ಹೆಸರು ತಪ್ಪಾದರೆ ಕಾಗದ ಪಕ್ಕದ ಮನೆಗೆ ಹೋಗುತ್ತದೆ, ಅಷ್ಟೇ ಸಂಗತಿ.

ಮೊದಲು ಜನ ತಾವೇ ಹೆಸರು ಬರೆದುಕೊಳ್ಳುತ್ತಿದ್ದರು. ಬರೆದದ್ದಾದರೂ ಏನು? 'ಟಿವಿ', 'ಹೊಸಾ ಟಿವಿ', 'ಟಿವಿ ಇದಲ್ಲ ಅದು'. ಇದರಿಂದ ಬೇಸತ್ತ ವಿಜ್ಞಾನಿಗಳು ನಾಮಗ್ರಾಹಿ ಎಂಬ ಯಂತ್ರ ಕಂಡುಹಿಡಿದರು. ಅಂಗೈಯಗಲದ ಡಬ್ಬಿ. ಸಾಧನವನ್ನು ಅದರ ಮುಂದಿಟ್ಟರೆ, ಮನೆಯವರು ಆ ಸಾಧನವನ್ನೋ ಅದರ ಒಡೆಯನನ್ನೋ ಏನೆಂದು ಕರೆಯುತ್ತಾರೆ ಎಂದು ಕೇಳಿಸಿಕೊಂಡು ಅದನ್ನೇ ಹೆಸರಾಗಿ ದಾಖಲಿಸುತ್ತಿತ್ತು. ಬರೆಯುವ ಕಷ್ಟವಿಲ್ಲ, ತಪ್ಪಾಗುವ ಭಯವಿಲ್ಲ ಎಂದು ಜಾಹೀರಾತು ಬೇರೆ! ಗಂಡನ ಹೆಸರು ಹೇಳದ ಹೆಂಗಸರು ಇನ್ನೂ ಇದ್ದಾರೆಂಬುದು ಮಾತ್ರ ಆ ಪ್ರಯೋಗಾಲಯದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ನೀಲಗಂಗವ್ವ ಹೇಳುತ್ತಿರಲಿಲ್ಲ. ಲಗ್ನವಾದಾಗಿನಿಂದ ಒಮ್ಮೆಯೂ ಹೇಳಿರಲಿಲ್ಲ. 'ರೀ' ಎಂದರೆ ಅವರು, 'ನಮ್ಮನಿಯವರು' ಎಂದರೂ ಅವರೇ. ನಾಮಗ್ರಾಹಿ ಬಂದ ದಿನ ನೀಲಗಂಗವ್ವ ಮನೆಯ ಸಾಧನಗಳನ್ನೆಲ್ಲ ಜಮಖಾನೆಯ ಮೇಲೆ ಸಾಲಾಗಿ ಇಟ್ಟುಕೊಂಡು ಕುಳಿತರು. ಟಿವಿಯ ಸರದಿ ಮುಗಿಯಿತು, ಮಿಕ್ಸಿಯದು ಮುಗಿಯಿತು. ಆಮೇಲೆ ಕಿವುಡ ಗಂಡನಿಗೆ ಸದ್ದು ಕೇಳಿಸುವ ಕಿವಿಬಿಲ್ಲೆ ಬಂತು.

"ಈ ಸಾಧನ ಯಾರದು? ಹೆಸರು ಹೇಳಿ" ಎಂದಿತು ಯಂತ್ರ.

"ಅವರದು."

"ಅವರು ಎಂದರೆ ಯಾರು?"

"ನಮ್ಮನಿಯವರ್ದು."

"ಮನೆಯಲ್ಲಿ ಮೂವರಿದ್ದೀರಿ. ಹೆಸರು ಹೇಳಿ."

"ಅಯ್ಯ ಇದರ! ಮಂದಾನ ಅಪ್ಪಂದು!"

"ಮಂದಾ ಬೇರೆ ವ್ಯಕ್ತಿ. ದಯವಿಟ್ಟು ಒಡೆಯರ ಹೆಸರು ಹೇಳಿ."

ನೀಲಗಂಗವ್ವ ಬೆವತುಹೋದರು. ಅಷ್ಟರಲ್ಲಿ ಒಲೆಯ ಕಡೆಯಿಂದ ಹೊತ್ತಿದ ವಾಸನೆ ಬಂತು. "ಅಯ್ಯ ದೇವರ, ಕುಕ್ಕರ್!" ಎಂದು ಸೆರಗು ಸಿಗಿಸಿಕೊಂಡು ಎದ್ದರು. "ಧನ್ಯವಾದ. ಹೆಸರು ದಾಖಲಾಯಿತು" ಎಂದಿತು ನಾಮಗ್ರಾಹಿ. ಮಾಡಿದ್ದಕ್ಕೆ ಧನ್ಯವಾದ ಬೇರೆ. ಅವರು ಕುಕ್ಕರನ್ನು ಇಳಿಸಿ ತಂದು ಡಬ್ಬಿಯ ಮುಂದೆ ಇಡುವುದಕ್ಕೂ, ಮಗಳು ಮಂದಾಕಿನಿ ಧಾರವಾಡದ ಬಸ್ಸು ಹಿಡಿಯುವ ಅವಸರದಲ್ಲಿ ಅಂಗಳದಿಂದ "ಅಪ್ಪಾ" ಎಂದು ಕೂಗುವುದಕ್ಕೂ ಸರಿಹೋಯಿತು. ಹೀಗೆ ಆ ಮನೆಯ ಮಾಧ್ಯಮ ಖಾತೆಯಲ್ಲಿ ಯಜಮಾನರು ಕುಕ್ಕರಾದರು, ಕುಕ್ಕರು ಅಪ್ಪನಾಯಿತು.

ಇದು ಬರೀ ನಗೆಪಾಟಲಾಗಿದ್ದರೆ ಚಿಂತೆಯಿರಲಿಲ್ಲ. ಶಿವಪುತ್ರಪ್ಪನವರು ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿದವರು. ಆ ಯಂತ್ರಗಳ ಆರ್ಭಟ ಅವರ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಮಂದಾಕಿನಿ ಹಾಡು ಕಲಿಯಲು ಶುರುಮಾಡುವ ಹೊತ್ತಿಗೆ ಅವರಿಗೆ ಸಿಡಿಲು ಕೂಡ ಕೇಳಿಸುತ್ತಿರಲಿಲ್ಲ. ಮಗಳು ರಿಯಾಜಿಗೆ ಕುಳಿತರೆ ಅಪ್ಪ ಎದುರಿಗೆ ಕುಳಿತು ಅವಳ ಗಂಟಲಿನ ನರ ಏರಿಳಿಯುವುದನ್ನು ನೋಡುತ್ತಿದ್ದರು. ಹುಣಸೆಬೀಜದಷ್ಟಿರುವ ಕಿವಿಬಿಲ್ಲೆ ಬಂದದ್ದು ಈಗ. ಅದು ಸದ್ದನ್ನು ನೇರವಾಗಿ ಶ್ರವಣನರಕ್ಕೆ ಮುಟ್ಟಿಸುತ್ತದೆ. ಎದುರಿಗಿರುವವರ ಮಾತನ್ನು ತಾನೇ ಹಿಡಿಯುತ್ತದೆ. ಆದರೆ ಎದುರು ಕುಳಿತು ಹಾಡಿದರೆ ಅದನ್ನು ಗದ್ದಲವೆಂದು ತಿಳಿದು ತಳ್ಳಿಬಿಡುತ್ತದೆ. ಸಂಗೀತ ಬೇಕಾದರೆ ಮಾಧ್ಯಮ ಖಾತೆಯ ಮೂಲಕವೇ, ಸರಿಯಾದ ಹೆಸರಿಗೇ ಬರಬೇಕು.

ಭಾನುವಾರ ಗದಗಿನ ಸಭಾಂಗಣದಲ್ಲಿ ಮಂದಾಕಿನಿಯ ಮೊದಲ ಕಛೇರಿಯಿತ್ತು. ಹಾಡುವಾಗ ಮಗಳ ದನಿ ಹೇಗಿದೆ ಎಂದು ಒಮ್ಮೆ ತಿಳಿದುಕೊಳ್ಳಬೇಕು ಎನ್ನುವುದು ಬಿಟ್ಟರೆ ಶಿವಪುತ್ರಪ್ಪನವರಿಗೆ ಬೇರೆ ಆಸೆ ಇರಲಿಲ್ಲ.

ಅವರು ಸಹಾಯವಾಣಿಗೆ ಕರೆಮಾಡಿದರು.

"ನಮಸ್ಕಾರ ಕುಕ್ಕರ್ ಅವರೇ, ನಿಮಗೆ ಹೇಗೆ ನೆರವಾಗಲಿ?"

"ನಾ ಕುಕ್ಕರ್ ಅಲ್ರೀ. ಮನಷ್ಯಾ ಅದೀನಿ."

"ಸಂತೋಷ, ಕುಕ್ಕರ್ ಅವರೇ. ಹೆಸರು ಬದಲಿಸಲು ನಾಮದಾತರ, ಅಂದರೆ ಹೆಸರಿಟ್ಟವರ, ದನಿ ಬೇಕು. ಸೀಟಿ ಸಡಿಲವಾಗಿದ್ದರೆ ಒಂದನ್ನು ಒತ್ತಿ."

ಮತ್ತೆ ಕರೆಮಾಡಿದರು. ಬೈದರು, ಬೇಡಿಕೊಂಡರು, ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಹೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೋಣವಾದರೂ ಬಾಲ ಅಲ್ಲಾಡಿಸೀತು. ಆ ಯಂತ್ರ ಕೊನೆಗೆ, "ನಿಮ್ಮ ಗ್ಯಾಸ್ಕೆಟ್ ಬದಲಿಸುವ ಕಾಲ ಬಂದಿದೆ" ಎಂದಾಗ ಅವರಿಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಡಾಕ್ಟರ್ ವನಜಾ ಹೊಂಬಳ ಖುದ್ದಾಗಿ ಮನೆಗೆ ಬಂದಳು. ಆಕೆ ನಾಮಗ್ರಾಹಿಯನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬಳು, ಶಿವಪುತ್ರಪ್ಪನವರ ಫ್ಯಾಕ್ಟರಿಯ ಗೆಳೆಯನ ಮಗಳು.

"ಕಾಕಾ, ಸಿಟ್ಟಾಗಬ್ಯಾಡ್ರಿ. ಮೊದ್ಲ ಯಾರರೆ ಹೆಸ್ರು ಬದಲಿ ಮಾಡಬಹುದಿತ್ತು. ಕಳ್ರು ಮಂದಿ ಸಾಧನಕ್ಕ ತಮ್ಮ ಹೆಸ್ರು ಹಾಕ್ಕೊಂಡು ಹಾಡು, ಸಿನಿಮಾ ಎಲ್ಲಾ ಕದಿಯಾಕ ಹತ್ತಿದ್ರು. ಅದಕ್ಕ ಹೆಸ್ರಿಗೆ ಧ್ವನಿಬೀಗ ಹಾಕಿದ್ವಿ. ಯಾರು ಹೆಸ್ರು ಇಟ್ರೋ ಅವರ ದನಿಗೆ ಮಾತ್ರ ಅದು ತಗೀತದ."

"ನಾ ಹೇಳಿದ್ರ?"

"ನಡಿಯಂಗಿಲ್ರಿ."

"ನೀ ಹೇಳಿದ್ರ? ಮಾಡಿದಾಕಿ ನೀನ ಅಲ್ಲೇನವಾ?"

"ನಾ ಹೇಳಿದ್ರೂ ನಡಿಯಂಗಿಲ್ಲ. ಅಷ್ಟು ಚಲೋ ಮಾಡೀವಿ" ಎಂದು ವನಜಾ ತಲೆತಗ್ಗಿಸಿದಳು. "ನೀಲಗಂಗಾ ಕಾಕೂ ಬಿಲ್ಲೆ ಮುಂದ ಒಂದ ಸಲ ನಿಮ್ಮ ಹೆಸ್ರು ಹೇಳಿದ್ರ ಮುಗೀತು."

ಇಬ್ಬರೂ ನೀಲಗಂಗವ್ವನ ಕಡೆ ತಿರುಗಿದರು. ಅವರು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದವರು ಇನ್ನಷ್ಟು ಜೋರಾಗಿ ಬಿಡಿಸತೊಡಗಿದರು.

"ಆಗಂಗಿಲ್ಲ."

"ಕಾಕೂ, ಈ ಕಾಲದಾಗ..."

"ಕಾಲ ಯಾವ್ದರೆ ಇರ್ಲಿ, ನಾಲಿಗಿ ನಂದು. ಹೇಳಬಾರದಂತ ಹಟ ಏನಿಲ್ಲವಾ. ಹೊಳ್ಳವಲ್ದು. ಏನ್ ಮಾಡ್ಲಿ?"

ಶಿವಪುತ್ರಪ್ಪನವರ ತಾಳ್ಮೆ ಹರಿಯಿತು. "ಇಷ್ಟ ವರ್ಷ ಸಂಸಾರ ಮಾಡೀದಿ, ನನ್ನ ಹೆಸರು ಗೊತ್ತಿಲ್ಲೇನ ನಿನಗ?"

"ಗೊತ್ತಿಲ್ದ ಏನ್ರಿ! ದಿನಾ ದೇವರ ಮುಂದ ಮನಸ್ಸಿನಾಗ ಯಾರ ಹೆಸರು ಹೇಳ್ತೀನಿ ಅಂತ ತಿಳದೀರಿ?"

"ಆ ಮನಸ್ಸಿನಾಗ ಹೇಳೂದನ್ನ ಬಾಯಾಗ ಹೇಳು!"

ನೀಲಗಂಗವ್ವ ದೇವರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಹೊರಗೆ ಬಂದು ಕಿವಿಬಿಲ್ಲೆಯ ಮುಂದೆ ಕುಳಿತು "ಶಿ" ಎಂದರು. ಅಲ್ಲಿಗೇ ನಿಂತಿತು. ಮೋರೆ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಎದ್ದು ಒಳಗೆ ಹೋದರು. ವನಜಾ ಚಹಾ ಕುಡಿಯದೆ ಹೊರಟುಹೋದಳು. ಅಂದು ಗಂಡ ಹೆಂಡತಿ ಮಾತಾಡಲಿಲ್ಲ. ಕುಕ್ಕರು ಮಾತ್ರ ಹಿರಿಯರಿಗೆ ಗುಳಿಗೆಯ ನೆನಪು ಮಾಡುತ್ತಲೇ ಇತ್ತು.

ಭಾನುವಾರ ಸಭಾಂಗಣದ ಬಾಗಿಲಲ್ಲಿ ದೊಡ್ಡ ಸಾಲು. ಒಳಗೆ ಹೋಗುವ ಪ್ರತಿಯೊಬ್ಬರ ಸಾಧನದ ಹೆಸರನ್ನು ಬಾಗಿಲು ಓದಿಕೊಂಡು ಕಛೇರಿಯ ಧ್ವನಿಗೆ ಜೋಡಿಸುತ್ತಿತ್ತು. ಶಿವಪುತ್ರಪ್ಪನವರ ಸರದಿ ಬಂತು.

"ಕುಕ್ಕರ್. ಕ್ಷಮಿಸಿ, ಅಡುಗೆ ಸಲಕರಣೆಗಳಿಗೆ ಪ್ರವೇಶವಿಲ್ಲ."

ಹಿಂದಿನವರು ಕಿಸಕ್ಕೆಂದು ನಕ್ಕರು. ಕಛೇರಿ ಕೇಳಲು ಬಂದಿದ್ದ ವನಜಾ ಒಳಗಿನಿಂದ ಓಡಿಬಂದು ಬಾಗಿಲಿಗೆ ಅದೇನೇನೋ ಆಜ್ಞೆ ಕೊಟ್ಟಳು. ಬಾಗಿಲು ಆಕೆಗೂ ಅದೇ ಮಾತು ಹೇಳಿತು, ಜೊತೆಗೆ ಉಪಾಹಾರ ಗೃಹ ಎಡಗಡೆಗಿದೆ ಎಂದು ದಾರಿ ತೋರಿಸಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಶಿವಪುತ್ರಪ್ಪನವರು ಕಿವಿಯ ಹಿಂದಿನಿಂದ ಬಿಲ್ಲೆಯನ್ನು ಕಿತ್ತು ಹೆಂಡತಿಯ ಕೈಗೆ ಕೊಟ್ಟರು. ಈಗ ಅವರಿಗೆ ಏನೂ ಕೇಳುತ್ತಿರಲಿಲ್ಲ. ಕೇಳದವರು ಮಾತಾಡುವಂತೆ ಗಟ್ಟಿಯಾಗಿ ಹೇಳಿದರು: "ಹೋಗ್ಲಿ ಬಿಡು. ನೀ ಒಳಗ ಹೋಗಿ ಕೇಳು. ನಾ ಇಲ್ಲೇ ಕಿಡಕ್ಯಾಗಿಂದ ನೋಡತೀನಿ. ಇಷ್ಟು ದಿನ ನೋಡೇ ಇಲ್ಲೇನು?"

ಸಿಟ್ಟಿನಿಂದ ಹೇಳಿದ್ದರೆ ನೀಲಗಂಗವ್ವ ಎದುರಾಡುತ್ತಿದ್ದರು. ಅವರು ಸಿಟ್ಟಿನಿಂದ ಹೇಳಲಿಲ್ಲ. ಹೆಂಡತಿ ಒಳಗೆ ಹೋಗದೆ ಬಾಗಿಲಲ್ಲೇ ನಿಂತರು.

ಸಾಲಿನಲ್ಲಿದ್ದ ಒಬ್ಬ ಮುದುಕಿಗೆ ಸಂಗತಿ ತಿಳಿದು ರೇಗಿಹೋಯಿತು. "ಅಲ್ಲವಾ ತಂಗಿ, ಬರೇ ಹೆಸರು ಹೇಳಾಕ ಬರಂಗಿಲ್ಲ ಅಂದ್ರ ಒಡಪು ಹಾಕಿ ಹೇಳು. ನಿನ್ನ ಲಗ್ನದಾಗ ಹೇಳಿಲ್ಲೇನು?"

ಆ ಸೀಮೆಯಲ್ಲಿ ಅದೊಂದು ದಾರಿಯಿತ್ತು. ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಒಂದು ಪದ್ಯದೊಳಗೆ ಹುದುಗಿಸಿ ಹೇಳುವುದೇ ಒಡಪು. ಪದ್ಯದೊಳಗಿದ್ದರೆ ದೋಷವಿಲ್ಲ, ನಾಚಿಕೆಯೂ ಇಲ್ಲ. ನೀಲಗಂಗವ್ವ ತಮ್ಮ ಲಗ್ನದಲ್ಲಿ ಅದನ್ನೂ ಹೇಳದೆ ತಪ್ಪಿಸಿಕೊಂಡಿದ್ದರು. ಈಗ ಸಾಲಿನ ಹೆಂಗಸರೆಲ್ಲ, "ಹೇಳ್ರಿ! ಒಡಪು ಹೇಳ್ರಿ!" ಎಂದು ಶುರುಮಾಡಿದರು.

ನೀಲಗಂಗವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡರು. ಅಂಗೈಯ ಮೇಲಿನ ಬಿಲ್ಲೆಯನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣುಮುಚ್ಚಿ, ಒಂದೇ ಉಸಿರಿಗೆ ಹೇಳಿದರು:

"ಹೋಳಿಗಿ ಮ್ಯಾಲ ಹರದೈತಿ ಆಕಳ ತುಪ್ಪ,
ಕಿವಿ ಕೇಳದಿದ್ರೂ ಮನಸಿನ ಮಾತ ಕೇಳ್ತಾರ ನಮ್ಮ ಶಿವಪುತ್ರಪ್ಪ."

ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. "ಧನ್ಯವಾದ. ಹೆಸರು ದಾಖಲಾಯಿತು" ಎಂದು ಬಾಗಿಲು ತೆರೆದುಕೊಂಡಿತು. ಇಡೀ ಗುಂಪಿನಲ್ಲಿ ಕೇಳಿಸದೆ ಉಳಿದವರು ಶಿವಪುತ್ರಪ್ಪ ಒಬ್ಬರೇ. "ಏನಂದ್ಲು? ಏನಂದ್ಲು?" ಎಂದು ಪಕ್ಕದವರನ್ನು ಕೇಳುತ್ತಲೇ ಒಳಗೆ ಹೋದರು. ನೀಲಗಂಗವ್ವ ಯಾರ ಮುಖವನ್ನೂ ನೋಡದೆ ಬಿಲ್ಲೆಯನ್ನು ಗಂಡನ ಕಿವಿಯ ಹಿಂದೆ ಸಿಕ್ಕಿಸಿ, ಎರಡು ಕುರ್ಚಿ ಬಿಟ್ಟು ಕುಳಿತರು.

ಯಾವ ಸಾಧನವೂ ಧ್ವನಿಗೆ ಜೋಡಣೆಯಾಗುವ ಮೊದಲು ತನ್ನ ಹೆಸರನ್ನು ಒಮ್ಮೆ ಒಡೆಯನಿಗೆ ಕೇಳಿಸುತ್ತದೆ, ನಾಮದಾತರ ದನಿಯಲ್ಲೇ. ವೇದಿಕೆಯ ಮೇಲೆ ಮಂದಾಕಿನಿ ತಂಬೂರಿ ಮೀಟುತ್ತಿದ್ದಾಗ ಶಿವಪುತ್ರಪ್ಪನವರ ಕಿವಿಯಲ್ಲಿ ಆಕಳ ತುಪ್ಪ ಹರಿಯಿತು. ಕೊನೆಯಲ್ಲಿ ಅವರ ಹೆಸರು ಬಂತು. ಅವರು ತಿರುಗಿ ನೋಡಿದರು. ನೀಲಗಂಗವ್ವ ಚಾವಣಿಯನ್ನು ನೋಡುತ್ತಿದ್ದರು. ಆಮೇಲೆ ಮಗಳ ದನಿ ಬಂತು. ತಾವು ಊಹಿಸಿಕೊಂಡಿದ್ದ ದನಿ ಅದಾಗಿರಲಿಲ್ಲ. ಅದಕ್ಕಿಂತ ದಪ್ಪ, ಅದಕ್ಕಿಂತ ಚಂದ. ಅವರು ಎಲ್ಲರ ಎದುರಿಗೇ ಅತ್ತುಬಿಟ್ಟರು. ಮುಗಿಯುವವರೆಗೂ ಅತ್ತರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಮಗ್ರಾಹಿಗೆ ಪದ್ಯ ಯಾವುದು, ಹೆಸರು ಯಾವುದು ಎಂಬ ವಿವೇಕವಿರಲಿಲ್ಲ. ಎರಡೂ ಸಾಲು ಸೇರಿಯೇ ಹೆಸರಾಗಿತ್ತು. ಮರುದಿನದಿಂದ ಶಿವಪುತ್ರಪ್ಪನವರಿಗೆ ಏನೇ ಬರಲಿ, ಮೊದಲು ಪೂರಾ ಒಡಪು, ಆಮೇಲೆ ವಿಷಯ. ಹೋಳಿಗೆ, ತುಪ್ಪ, ಶಿವಪುತ್ರಪ್ಪ, ನಿಮ್ಮ ವಿದ್ಯುತ್ ಬಿಲ್ಲು ಬಂದಿದೆ. ಹೋಳಿಗೆ, ತುಪ್ಪ, ಶಿವಪುತ್ರಪ್ಪ, ಮಳೆಯ ಮುನ್ಸೂಚನೆ. ಹೆಂಡತಿ ಆಯುಷ್ಯದಲ್ಲೇ ಹೇಳದ ಹೆಸರು ಈಗ ದಿನವಿಡೀ ಅವಳದೇ ದನಿಯಲ್ಲಿ ಕಿವಿಯೊಳಗೆ. ಸಾಲದ್ದಕ್ಕೆ ಅವರನ್ನು ಸಂಪರ್ಕಿಸಬೇಕಾದ ಬ್ಯಾಂಕಿನ ಮ್ಯಾನೇಜರು, ಗ್ಯಾಸಿನ ಏಜೆಂಟು ಎಲ್ಲರೂ ಹೆಸರು ಹೇಳಬೇಕೆಂದರೆ ಇಡೀ ಒಡಪನ್ನು ಹೇಳಬೇಕಾಯಿತು. ಸಾಲಿನಲ್ಲಿದ್ದ ಹೆಂಗಸರು ಸುಮ್ಮನಿದ್ದಾರೆಯೇ? ಅವರೂ ತಮ್ಮ ಗಂಡಂದಿರ ಕಿವಿಬಿಲ್ಲೆಗಳಿಗೆ ಒಡಪು ಹಾಕಿದರು. ಕೆಲವು ಬೈಗುಳದ ಒಡಪುಗಳೂ ಇದ್ದವಂತೆ.

ವನಜಾ ತಲೆಗೆ ಕೈಹೊತ್ತುಕೊಂಡು ಮತ್ತೆ ಬಂದಳು. "ಕಾಕೂ, ಈಗ ಬರೇ ಹೆಸ್ರಷ್ಟ ಒಮ್ಮೆ ಹೇಳ್ರಿ, ಸಣ್ಣದು ಮಾಡೂಣು."

"ಬರೇ ಹೆಸರು ಹೇಳಾಕ ಬರತಿದ್ರ ಇಷ್ಟೆಲ್ಲಾ ಯಾಕ ಆಗತಿತ್ತವಾ? ಊರಾಗ ಮಾನ ಹೋತು. ನಿನ್ನೆ ಗ್ಯಾಸಿನಾಂವ ಬಾಗಲದಾಗ ನಿಂತು ನನ್ನ ಒಡಪು ಹೇಳಿದ! ಏನರೆ ಮಾಡಿ ತಗದುಬಿಡು."

ಪ್ರಯೋಗಾಲಯ ಹೊಸ ವ್ಯವಸ್ಥೆಯನ್ನು ಆಗಲೇ ಸಿದ್ಧಪಡಿಸಿತ್ತು. ಇನ್ನು ಮುಂದೆ ನಾಮದಾತರ ದನಿ ಬೇಕಿಲ್ಲ, ಒಡೆಯನ ಒಪ್ಪಿಗೆ ಸಾಕು. ಒಡೆಯ "ಹೂಂ" ಎಂದರೆ ಒಡಪು ಅಳಿಸಿಹೋಗಿ ಬರೀ ಹೆಸರು ಉಳಿಯುತ್ತದೆ. ವನಜಾ ಡಬ್ಬಿಯನ್ನು ಶಿವಪುತ್ರಪ್ಪನವರ ಮುಂದಿಟ್ಟಳು.

"ಕಾಕಾ, ಹೂಂ ಅನ್ರಿ."

ಶಿವಪುತ್ರಪ್ಪನವರು ಪೇಪರು ಓದುತ್ತಿದ್ದರು.

"ಕೇಳಸ್ತೇನ್ರೀ? ಹೂಂ ಅನ್ರಿ!" ಎಂದು ನೀಲಗಂಗವ್ವ ಕೂಗಿದರು.

ಹೊಚ್ಚಹೊಸ ಬಿಲ್ಲೆ. ಬೀದಿಯ ಆ ತುದಿಯ ಪಿಸುಮಾತೂ ಕೇಳುವಂಥದ್ದು. ಶಿವಪುತ್ರಪ್ಪನವರು ಪೇಪರನ್ನು ನಿಧಾನವಾಗಿ ಕೆಳಗಿಳಿಸಿ, ಕಿವಿಗೆ ಅಂಗೈ ಒಡ್ಡಿ, ಹೆಂಡತಿಯ ಮುಖ ನೋಡಿದರು.

"ಏನಂದಿ? ಏನೂ ಕೇಳಸವಲ್ದು ನೋಡು."