ಎರಡು ಹಲ್ಲಿನ ಹಲ್ಲೆ

ಮಾರ್ಚ್ 11, ಸಂಜೆ ಐದೂವರೆ. ಉದ್ಯಮಬಾಗದ ಕಾರ್ಖಾನೆ ಮಾಲೀಕರೊಬ್ಬರು ಬೆಳಗಾವಿಯ ಠಾಣೆಗೆ ಬಂದು ದೂರು ಕೊಟ್ಟರು. ಪದವಿಯ ಕೊನೆಯ ವರ್ಷ ಓದುತ್ತಿರುವ ಮಗ ಸುಮಿತನನ್ನು ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಹಿಂದೆ ಮುಸುಕುಧಾರಿಗಳು ನಾಲ್ವರು ರಾಡಿನಿಂದ ಥಳಿಸಿದ್ದಾರೆ. ಮುಂದಿನ ಎರಡು ಹಲ್ಲು ಹೋಗಿವೆ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಸಿದರಾಯ ಸ್ಥಳ ಪಂಚನಾಮೆ ಮಾಡಿದರು. ರಾಡು ಸಿಗಲಿಲ್ಲ. ಅಕ್ಕಿ ರೊಟ್ಟಿಯ ಚೂರು, ಶೇಂಗಾ ಚಟ್ನಿ, ನಗ್ಗಿದ ಸ್ಟೀಲ್ ಮುಚ್ಚಳ ಸಿಕ್ಕವು.

“ಸರ್, ಗೂಂಡಾಗೋಳು ಬುತ್ತಿ ಕಟ್ಕೊಂಡ ಬಂದಿದ್ರೇನ್ರಿ?” ಎಂದರು ಕಾನ್‌ಸ್ಟೇಬಲ್ ನಾಗರತ್ನಾ.

ಆಸ್ಪತ್ರೆಯಲ್ಲಿ ಸಿದರಾಯ ಸುಮಿತನನ್ನು ಕೇಳಿದರು:

“ನಾಕ ಮಂದಿ ಹೊಡದ್ರ ಪೆಟ್ಟು ಒಂದ ಯಾಕಪಾ?”

“ಮೂರು ಮಂದಿ ಸುಮ್ನ ನಿಂತಿದ್ರು, ಸರ್.”

“ಪಾಳಿ ಹಚ್ಚಿದ್ರೇನು?”

ಹಲ್ಲಿಲ್ಲದ ಸಂದಿಯಿಂದ ಮೂವರು ಜಾರಿಹೋದರು. ಉಳಿದದ್ದು ಒಬ್ಬಳೇ.

“ನಮ್ಮ ಕ್ಲಾಸಿನ ಪ್ರಮಿಳಾ, ಸರ್. ಗೆಳ್ಯಾರಿಗೆ ಹೇಳಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಖಾನಾಪುರ ಠಾಣೆಗೆ ತಿಳಿಸಿ ಸಿದರಾಯ ಮತ್ತು ನಾಗರತ್ನಾ ಆಕೆಯ ಊರು ಗುಂಜಿಗೆ ಹೋದಾಗ ಪ್ರಮಿಳಾ ಮನೆಯ ಕಟ್ಟೆಯ ಮೇಲೆ ಓದುತ್ತಿದ್ದಳು.

“ನಿನ್ನೀನ ಬರ್ತೀರಂತ ಮಾಡಿದ್ದೆ. ಕುಂದರ್ರಿ.”

“ಹೊಡದಿ?”

“ಹೂಂನ್ರಿ. ಬುತ್ತಿ ಡಬ್ಬೀಲೆ.”

“ತಪ್ಪಾತಂತ ಬರದ ಕೊಡು ತಂಗಿ, ಅವರಪ್ಪ ರಾಜಿಗೆ ಬರ್ತಾನ. ಇಲ್ಲಾಂದ್ರ ಕಾಲೇಜಿನವ್ರು ಪರೀಕ್ಷಾಕ ಕುಂದ್ರಸಂಗಿಲ್ಲ.”

“ಬರಿಯಂಗಿಲ್ರಿ.”

“ಮೂರ ವರ್ಷದ ಓದು ಹೋಗತೈತಿ.”

“ಮೂರ ವರ್ಷ ಅವ ನನ್ನ ಮಾತು ಅಣಕಿಸಿದ, ತಡಕೊಂಡೆ. ಅವ್ವ ಎಮ್ಮಿ ಕರಿಯೂ ಕೂಗು ಫಸ್ಟ್ ಇಯರ್‌ನ್ಯಾಗ ಸ್ಟೇಜಿನ ಮ್ಯಾಲ ನಾನ ಕೂಗಿ ತೋರಿಸಿದ್ದೆ. ನಿನ್ನೆ ಅವ್ವ ಮೊದಲನೇ ಸಲ ಕಾಲೇಜಿಗೆ ಬುತ್ತಿ ತಂದ್ಲು. ಗೇಟಿನಾಗ ಸುಮಿತ ಅದ ಕೂಗು ಹಾಕಿದ. ಊರವ್ರು ಕರದ್ರಂತ ಅವ್ವ ತಿರುಗಿ ‘ಓ’ ಅಂದ್ಲು. ಎಲ್ಲಾರೂ ನಕ್ಕರು. ಅಕಿನೂ ನಕ್ಕಳು, ಖುಷೀಲೆ. ಅಕಿನ್ನ ಬಸ್ಸು ಹತ್ತಿಸಿ ಬಂದು ಹೊಡದೆ. ನಾಳಿ ಮತ್ತ ಕೂಗಿದ್ರ ಮತ್ತ ಹೊಡಿತೀನಿ, ಅದನ್ನೂ ಬರಕೋರಿ.”

ಅಷ್ಟರಲ್ಲಿ ಎಮ್ಮೆಗಳ ಹಿಂದೆ ತಾಯಿ ರೇಣವ್ವ ಬರುವುದು ಕಂಡಿತು. ಪ್ರಮಿಳಾಳ ದನಿ ಇಳಿಯಿತು.

“ಕಾರಣ ಮಾತ್ರ ಅಕಿ ಮುಂದ ಹೇಳಬ್ಯಾಡ್ರಿ.”

ಬೆಳಿಗ್ಗೆ ಹತ್ತೂವರೆಗೆ ನಾಗರತ್ನಾ ಪ್ರಮಿಳಾಳನ್ನು ಬಂಧಿಸಿದರು. ಬಂಧನದ ಕಾರಣವನ್ನು ಮನೆಯವರಿಗೆ ತಿಳಿಸಬೇಕೆಂಬುದು ಕಾನೂನು. ಸಿದರಾಯ ಕಲಮಿನ ಸಂಖ್ಯೆಯನ್ನಷ್ಟೇ ಗಟ್ಟಿಯಾಗಿ ಓದಿ, ರೇಣವ್ವನ ಹೆಬ್ಬೆಟ್ಟು ಹಾಕಿಸಿಕೊಂಡರು.

ಜೀಪು ಹೊರಡುವಾಗ ರೇಣವ್ವ ಕಿಟಕಿ ಹಿಡಿದರು.

“ಸಾಹೇಬ್ರ, ಆ ಕಾಲೇಜಿನಾಗ ನಮ್ಮೂರ ಕಡೀ ಹುಡುಗ ಒಬ್ಬ ಅದಾನ್ರಿ, ನಿನ್ನೆ ಗೇಟಿನಾಗ ಕೂಗಿದಂವ. ಅವಂಗ ಹೇಳ್ರಿ, ಜಾಮೀನಿಗೆ ಓಡಿ ಬರ್ತಾನ.”